ಬೀದಿಯಿಂದ ಬಜೆಟ್‌ವರೆಗೆ: ಹವಾಮಾನ ಬದಲಾವಣೆಗೆ ಊರು ಮತ್ತು ಊರಿನವರು ಮಾಡಬಹುದಾದ ಕೆಲಸ

ಹವಾಮಾನ ಬದಲಾವಣೆ ಅಂದ ಕೂಡಲೇ ಮಾತು ಎರಡು ಕಡೆ ಓಡುತ್ತದೆ. ಒಂದು ಕಡೆ, ಹಿಮ ಕರಗುತ್ತಿದೆ, ದೇಶಗಳ ನಾಯಕರು ಸಭೆ ಸೇರಿದ್ದಾರೆ ಎಂಬ ದೊಡ್ಡ ಸುದ್ದಿ. ಇನ್ನೊಂದು ಕಡೆ, ಲೈಟ್ ಆರಿಸಿ, ಗಿಡ ನೆಡಿ ಎಂಬ ಸಣ್ಣ ಸಲಹೆ. ಮೊದಲನೆಯದು ನಮ್ಮ ಕೈಗೆ ಸಿಗುವುದಿಲ್ಲ. ಎರಡನೆಯದನ್ನು ಎಷ್ಟು ಮಾಡಿದರೂ ಏನೂ ಆದ ಹಾಗೆ ಅನ್ನಿಸುವುದಿಲ್ಲ. ಇವೆರಡರ ನಡುವೆ ಒಂದು ಜಾಗ ಇದೆ. ಅದು ನಾವಿರುವ ಬೀದಿ, ಮತ್ತು ಆ ಬೀದಿಗೆ ರಸ್ತೆ, ಚರಂಡಿ, ಬಸ್ಸು, ಕಸದ ಗಾಡಿ ಒದಗಿಸುವ ನಗರಾಡಳಿತ. ಈ ಬರಹ ಪೂರ್ತಿ ಆ ಜಾಗದ ಬಗ್ಗೆ.

ಇಂಧನ ಉರಿಸಿ ಜಗತ್ತು ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಹೆಚ್ಚುಕಡಿಮೆ ಶೇ. 70ರಷ್ಟು ನಗರಗಳ ಲೆಕ್ಕಕ್ಕೇ ಬರುತ್ತದೆ. ಭೂಮಿ ಕೈಗಾರಿಕೆಗಳು ಶುರುವಾಗುವ ಮುಂಚಿನ ಕಾಲಕ್ಕಿಂತ ಈಗಾಗಲೇ 1 ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ. ಹಾಗಾಗಿ ಊರಿನ ಮುಂದೆ ಎರಡು ಕೆಲಸ ಇವೆ. ಹೊಗೆ ಕಡಿಮೆ ಮಾಡುವುದು ಒಂದು. ಬಂದೇ ಬಿಟ್ಟಿರುವ ಬಿಸಿಲಿಗೆ, ಮಳೆಗೆ ಊರನ್ನು ಸಜ್ಜು ಮಾಡುವುದು ಇನ್ನೊಂದು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಅರ್ಧ ಕೆಲಸ.

ಹೆಜ್ಜೆ 1: ಒಂದು ತಿಂಗಳು ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ತಿಂಗಳು ನಾಲ್ಕೇ ವಿಷಯ ಬರೆಯಿರಿ. ಎಷ್ಟು ಯೂನಿಟ್ ಕರೆಂಟ್, ಎಷ್ಟು ಗ್ಯಾಸ್, ವಾಹನಕ್ಕೆ ಎಷ್ಟು ಲೀಟರ್ ಇಂಧನ, ಮನೆಯಿಂದ ಎಷ್ಟು ಕೆ.ಜಿ. ಕಸ. ವಿಮಾನ ಹತ್ತಿದ್ದರೆ ಅದನ್ನು ಬೇರೆಯಾಗಿ ಬರೆಯಿರಿ, ಒಂದೇ ದೂರದ ಪ್ರಯಾಣ ತಿಂಗಳುಗಟ್ಟಲೆ ಉಳಿಸಿದ್ದನ್ನು ನುಂಗಿಬಿಡುತ್ತದೆ.

ಈಗ ಗುಣಿಸಿ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಡೀಸೆಲ್ ಆದರೆ ಸುಮಾರು 2.7 ಕೆ.ಜಿ. ಸಿಲಿಂಡರ್ ಗ್ಯಾಸ್ ಆದರೆ ಕೆ.ಜಿ.ಗೆ ಸುಮಾರು 3 ಕೆ.ಜಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆ.ಜಿ.ಯಷ್ಟೇ ತೂಗುತ್ತದೆ, ಅದರಿಂದ 2.3 ಕೆ.ಜಿ. ಹೇಗೆ ಬಂತು ಅನ್ನಿಸಬಹುದು. ಪೆಟ್ರೋಲಿನ ಒಳಗಿನ ಇಂಗಾಲ ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಜಾಸ್ತಿ ತೂಕ ಆ ಆಮ್ಲಜನಕದ್ದು. ಕರೆಂಟಿನ ಲೆಕ್ಕ ಮಾತ್ರ ಊರಿಂದ ಊರಿಗೆ ಬೇರೆ. ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್‌ಗೆ ಸುಮಾರು 1 ಕೆ.ಜಿ. ಹಿಡಿಯಬಹುದು. ಗಾಳಿ, ನೀರು, ಬಿಸಿಲಿನಿಂದ ಬಂದಿದ್ದರೆ ಅದರ ಸಣ್ಣ ಪಾಲು ಅಷ್ಟೇ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೀಟರ್ ಮುಂದೆ ಹೋಗಿ ನಿಲ್ಲಿ. ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಪಕ್ಕ ಒಂದು ಸಂಖ್ಯೆ ಇರುತ್ತದೆ. 1000 ಅಂತ ಇದ್ದರೆ, ಸಾವಿರ ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತು ಎಂದರ್ಥ. ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ಅಳೆಯಿರಿ. 36 ಸೆಕೆಂಡ್ ಬಂದರೆ, ಎಲ್ಲ ಆರಿಸಿದ್ದೇವೆ ಅಂದುಕೊಂಡ ಮನೆ ಆ ಕ್ಷಣದಲ್ಲಿ 100 ವ್ಯಾಟ್ ಕುಡಿಯುತ್ತಿದೆ. ಇದು ದಿನವಿಡೀ ನಡೆದರೆ 2.4 ಯೂನಿಟ್, ವರ್ಷಕ್ಕೆ 876 ಯೂನಿಟ್. ಫ್ರಿಜ್ ಆನ್ ಆಗಿರುವ ಹೊತ್ತಲ್ಲಿ ಅಳೆದರೆ ಜಾಸ್ತಿ ತೋರಿಸುತ್ತದೆ, ಅದಕ್ಕೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ನೋಡಿ. ಆಮೇಲೆ ಒಂದೊಂದೇ ಪ್ಲಗ್ ಕಿತ್ತು ಮತ್ತೆ ಎಣಿಸಿ. ಕಳ್ಳ ಯಾವುದು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಳೆಯ ಸೆಟ್‌ಟಾಪ್ ಬಾಕ್ಸ್, ಯಾವಾಗಲೂ ಆನ್ ಇರುವ ಗೀಸರ್, ಮೂಲೆಯಲ್ಲಿ ಖಾಲಿ ಓಡುವ ಎರಡನೇ ಫ್ರಿಜ್, ಸಾಮಾನ್ಯವಾಗಿ ಇವೇ ಇರುತ್ತವೆ.

ಹೆಜ್ಜೆ 2: ಐದು ಮನೆ ಸೇರಿಸಿ, ಬೀದಿ ಸುತ್ತಿ

ಒಬ್ಬರೇ ಮಾಡಿದ ಕೆಲಸ ಬೇಗ ನಿಂತುಹೋಗುತ್ತದೆ. ಐವತ್ತು ಜನರ ಸಂಘ ಕಟ್ಟಲು ಹೊರಟರೆ ಹೆಸರಿಡುವುದರಲ್ಲೇ ಎರಡು ತಿಂಗಳು ಕಳೆಯುತ್ತದೆ. ಐದು ಮನೆ ಸಾಕು. ಅದರಲ್ಲಿ ಒಬ್ಬರು ವಯಸ್ಸಾದವರು, ಒಬ್ಬರು ಶಾಲೆಗೆ ಹೋಗುವ ಮಗು ಇರುವವರು, ಒಬ್ಬರು ಬಾಡಿಗೆಗೆ ಇರುವವರು ಇರಲಿ. ಸ್ವಂತ ತಾರಸಿ ಇಲ್ಲದವರ ಕಷ್ಟ ಬೇರೆಯೇ ಇರುತ್ತದೆ, ಅದು ಶುರುವಿನಲ್ಲೇ ಕಿವಿಗೆ ಬೀಳಬೇಕು.

ಮೊದಲ ಸಭೆಯನ್ನು ಕೂತು ಮಾಡಬೇಡಿ, ನಡೆಯುತ್ತಾ ಮಾಡಿ. ಎರಡು ಸಲ ಸುತ್ತಿ: ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ, ಒಮ್ಮೆ ಜೋರು ಮಳೆ ನಿಂತ ಕೂಡಲೇ. ಮಧ್ಯಾಹ್ನ ನೆರಳು ಎಲ್ಲಿ ತುಂಡಾಗುತ್ತದೆ, ಬಸ್ ನಿಲ್ದಾಣದಲ್ಲಿ ಕಾಯುವವರು ಎಲ್ಲಿ ನಿಲ್ಲುತ್ತಾರೆ, ಫುಟ್‌ಪಾತ್ ಎಲ್ಲಿ ಮುಗಿದು ಜನ ರಸ್ತೆಗೆ ಇಳಿಯುತ್ತಾರೆ, ಇದನ್ನು ಗುರುತಿಸಿ. ಮಳೆ ನಿಂತ ಮೇಲೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮನೆಯ ಹೊಸ್ತಿಲು ಮುಟ್ಟುತ್ತದೆ, ಯಾವ ಚರಂಡಿ ಬಾಯಿ ಕಟ್ಟಿದೆ ನೋಡಿ. ಕೈಯಲ್ಲಿ ಬರೆದ ಒಂದು ನಕ್ಷೆ ಸಾಕು. ಆ ನಕ್ಷೆ ಮುಂದಿನ ಎಲ್ಲ ಹೆಜ್ಜೆಗೂ ಬೇಕು.

ಹೆಜ್ಜೆ 3: ಊರಿನ ಲೆಕ್ಕ ಕೇಳಿ

ಮನೆಗೆ ಲೆಕ್ಕ ಇದ್ದ ಹಾಗೆ ಊರಿಗೂ ಇರಬೇಕು. ನಗರಗಳು ಹಸಿರುಮನೆ ಅನಿಲಗಳನ್ನು, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು, ಎಣಿಸಲು 2014ರಲ್ಲಿ ಜಿಪಿಸಿ ಎಂಬ ಜಾಗತಿಕ ಪದ್ಧತಿ ಬಂತು. ಅದರಲ್ಲಿ ಕಟ್ಟಡಗಳ ಶಕ್ತಿ, ಸಾರಿಗೆ, ಕಸ ಇವು ಮುಖ್ಯ. ಊರೊಳಗೇ ಉರಿದದ್ದು, ಹೊರಗೆ ತಯಾರಾಗಿ ತಂತಿಯಲ್ಲಿ ಬಂದ ಕರೆಂಟಿನದ್ದು, ಊರಿನ ಕಾರಣಕ್ಕೆ ಬೇರೆ ಕಡೆ ಆದದ್ದು, ಈ ಮೂರನ್ನೂ ಬೇರೆ ಬೇರೆ ಬರೆಯುತ್ತಾರೆ. ನಗರಾಡಳಿತಕ್ಕೆ ಪತ್ರ ಬರೆದು ಮೂರು ಪ್ರಶ್ನೆ ಕೇಳಿ. ಲೆಕ್ಕ ಮಾಡಿದ್ದೀರಾ? ಯಾವ ವರ್ಷದ್ದು? ಅದರಲ್ಲಿ ಅತಿ ದೊಡ್ಡ ಪಾಲು ಯಾವುದು?

ಮೂರನೇ ಪ್ರಶ್ನೆ ಬಹಳ ಮುಖ್ಯ. ಒಂದು ಊರಿನಲ್ಲಿ ವಾಹನಗಳೇ ಅರ್ಧ ಇರಬಹುದು, ಇನ್ನೊಂದರಲ್ಲಿ ಕಟ್ಟಡ ಬಿಸಿ ಮಾಡುವುದೇ ದೊಡ್ಡ ಪಾಲು ಇರಬಹುದು. ಅದನ್ನು ತಿಳಿಯದೆ ಸಸಿ ಹಂಚಿದರೆ ಫೋಟೋ ಚೆನ್ನಾಗಿ ಬರುತ್ತದೆ, ಹೊಗೆ ಅಷ್ಟೇ ಇರುತ್ತದೆ.

ಎರಡು ಊರುಗಳ ಅನುಭವ ಇಲ್ಲಿ ನೆನಪಿಡಬೇಕು. ನಾರ್ವೆಯ ಓಸ್ಲೋ 2017ರ ಬಜೆಟ್ಟಿನಿಂದ ಹಣದ ಜೊತೆಗೆ ಇಂಗಾಲದ ಬಜೆಟ್ಟನ್ನೂ ಮಂಡಿಸುತ್ತಿದೆ. ಯಾವ ಕ್ರಮದಿಂದ ಎಷ್ಟು ಟನ್ ಕಡಿಮೆ ಆಗಬೇಕು, ಯಾವ ಇಲಾಖೆ ಜವಾಬ್ದಾರಿ ಅಂತ ಅದೇ ದಾಖಲೆಯಲ್ಲಿ ಇರುತ್ತದೆ. ನನಗೆ ಗೊತ್ತಿರುವ ಕ್ರಮಗಳಲ್ಲಿ ಬೇರೆ ಊರುಗಳು ಮೊದಲು ಕಲಿಯಬೇಕಾದದ್ದು ಇದೇ. ಯಾಕಂದ್ರೆ ಹವಾಮಾನದ ಕೆಲಸ ಒಂದು ಪರಿಸರ ಕೋಶದ ಮೂಲೆಯಿಂದ ಎದ್ದು ಹಣಕಾಸು ಅಧಿಕಾರಿಯ ಮೇಜಿಗೆ ಬರುತ್ತದೆ. ಇನ್ನೊಂದು ಡೆನ್ಮಾರ್ಕಿನ ಕೋಪನ್‌ಹೇಗನ್. 2025ಕ್ಕೆ ಇಂಗಾಲ ಸಮತೋಲ, ಅಂದರೆ ಬಿಟ್ಟಷ್ಟು ಇಂಗಾಲವನ್ನು ಸರಿದೂಗಿಸಿ ಲೆಕ್ಕ ಸೊನ್ನೆ ಮಾಡುವುದನ್ನು, ಸಾಧಿಸುತ್ತೇವೆ ಅಂತ ಹೇಳಿತ್ತು. ಕಸ ಸುಡುವ ಘಟಕದ ಹೊಗೆಯಿಂದ ಇಂಗಾಲ ಹಿಡಿಯುವ ದೊಡ್ಡ ಯೋಜನೆಗೆ ಹಣ ಸಿಗಲಿಲ್ಲ. 2022ರಲ್ಲಿ, ಆ ಗುರಿ ತಲುಪುವುದಿಲ್ಲ ಅಂತ ಒಪ್ಪಿಕೊಂಡಿತು. ಆದರೆ ಅಷ್ಟರಲ್ಲಿ 2005ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಜಾಸ್ತಿ ಹೊಗೆ ಕಡಿಮೆಯಾಗಿತ್ತು. ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಜಾಲ, ಗಾಳಿಯಂತ್ರ, ಸೈಕಲ್ ದಾರಿ, ಈ ಹತ್ತಾರು ಕೆಲಸ ಕೈ ಹಿಡಿದವು. ಒಂದೇ ಯಂತ್ರವನ್ನು ನಂಬಿದ ಭಾಗ ಕೈ ಕೊಟ್ಟಿತು.

ಹೆಜ್ಜೆ 4: ಓಡಾಟ

ಎಲೆಕ್ಟ್ರಿಕ್ ಕಾರು ಕೊಳ್ಳಿ ಅನ್ನುವುದು ಎಲ್ಲರಿಗೂ ಹೇಳಬಹುದಾದ ಸಲಹೆ ಅಲ್ಲ. ಬಸ್ಸು ಚೆನ್ನಾಗಿರಲಿ, ನಡೆಯಲು ದಾರಿ ಇರಲಿ ಅನ್ನುವುದು ಎಲ್ಲರಿಗೂ ಆಗುತ್ತದೆ. ಬ್ರೆಜಿಲ್‌ನ ಕುರಿಟಿಬಾ 1974ರಲ್ಲೇ ಬಸ್ಸಿಗೆ ಬೇರೆ ಪಥ ಕೊಟ್ಟಿತು. ಚೀನಾದ ಶೆಂಝೆನ್ 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಪೂರ್ತಿ ವಿದ್ಯುತ್ತಿಗೆ ಬದಲಿಸಿತು.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಹತ್ತಿರದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಮೂರು ದಿನ ನಿಂತು ಬರೆಯಿರಿ: ಬಸ್ಸು ಎಷ್ಟು ಗಂಟೆಗೆ ಬಂತು, ಹತ್ತಲಾಗದೆ ಎಷ್ಟು ಜನ ಉಳಿದರು. "ಬಸ್ಸು ಸಾಲದು" ಎಂಬ ದೂರಿಗೆ ಉತ್ತರ ಬರುವುದು ಅಪರೂಪ. "ಮೂರು ದಿನವೂ 8.20ರಿಂದ 8.55ರವರೆಗೆ ಬಸ್ಸಿಲ್ಲ" ಎಂಬ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ದೊಡ್ಡ ಬದಲಾವಣೆ ಕೇಳುವಾಗ ಪ್ರಯೋಗ ಅಂತ ಕೇಳಿ. ಸ್ವೀಡನ್ನಿನ ಸ್ಟಾಕ್‌ಹೋಮ್ ಊರ ಮಧ್ಯಕ್ಕೆ ಬರುವ ವಾಹನಗಳಿಗೆ ಶುಲ್ಕ ಹಾಕಲು ಹೊರಟಾಗ ಜನ ಬಹಳ ವಿರೋಧಿಸಿದ್ದರು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿದರು. ಒಳಗೆ ಬರುವ ವಾಹನ ಸುಮಾರು ಶೇ. 20 ಕಡಿಮೆಯಾಯಿತು. ಜನ ಖಾಲಿ ರಸ್ತೆಯನ್ನು ಕಣ್ಣಾರೆ ನೋಡಿದರು. ಸೆಪ್ಟೆಂಬರಿನ ಜನಮತದಲ್ಲಿ ಊರಿನವರು ಒಪ್ಪಿದರು, 2007ರಲ್ಲಿ ಅದು ಕಾಯಂ ಆಯಿತು. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಭಾನುವಾರದ ವಾಹನವಿಲ್ಲದ ರಸ್ತೆ ಈಗ 100 ಕಿ.ಮೀ.ಗೂ ಹೆಚ್ಚು ಉದ್ದ. ಹಾಗಾಗಿ "ಶಾಲೆ ಮುಂದಿನ ರಸ್ತೆಯಲ್ಲಿ ವಾಹನ ನಿಲ್ಲಿಸಿ" ಅನ್ನುವ ಬದಲು "ಆರು ವಾರ, ಬೆಳಿಗ್ಗೆ ಅರ್ಧ ಗಂಟೆ, ನಾವೇ ನಿಂತು ನೋಡಿಕೊಳ್ಳುತ್ತೇವೆ" ಅಂತ ಬರೆಯಿರಿ. ಅಂಗಡಿಯವರಿಗೆ ಮೊದಲೇ ಹೋಗಿ ಹೇಳಿ, ಅವರ ಸಾಮಾನಿನ ಗಾಡಿ ಯಾವಾಗ ಬರುತ್ತದೆ ಕೇಳಿ. ಇಂಥ ಪ್ರಯತ್ನಗಳು ಮುರಿದು ಬೀಳುವುದು ಹೆಚ್ಚಾಗಿ ಇದನ್ನು ಕೇಳದೇ ಹೋದಾಗ.

ಹೆಜ್ಜೆ 5: ಬಿಸಿಲು

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಬಿಸಿಲು ಸದ್ದಿಲ್ಲದೆ ಜನರನ್ನು ಕೊಲ್ಲುತ್ತದೆ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಕೆಲವೇ ದಿನಗಳ ಬಿಸಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿದ್ದ ವೃದ್ಧರು. ಬಾಗಿಲು ತಟ್ಟುವವರು ಇರಲಿಲ್ಲ.

ಅದಕ್ಕೇ ಮೊದಲ ಕೆಲಸ ಒಂದು ಪಟ್ಟಿ. ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು, ಹಾಸಿಗೆ ಹಿಡಿದವರು, ಬಸುರಿಯರು, ಹಸುಗೂಸು ಇರುವ ಮನೆ, ತಗಡಿನ ಚಾವಣಿಯ ಕೆಳಗೆ ಇರುವವರು. ಅವರ ಒಪ್ಪಿಗೆ ಕೇಳಿ ಬರೆದುಕೊಳ್ಳಿ. ಪ್ರತಿಯೊಬ್ಬರಿಗೂ ಒಬ್ಬ ನೆರೆಯವರನ್ನು ಗೊತ್ತು ಮಾಡಿ. ಬಿಸಿಲಿನ ಎಚ್ಚರಿಕೆ ಬಂದ ದಿನ ಎರಡು ಸಲ ಹೋಗಿ ನೋಡಬೇಕು, ಫೋನ್ ಸಾಲದು. ಮಾತು ತೊದಲುತ್ತಿದ್ದರೆ, ಗೊಂದಲ ಇದ್ದರೆ, ಮೈ ಕಾದ ಹೆಂಚಿನ ಹಾಗೆ ಸುಡುತ್ತಿದ್ದರೆ ಅದು ಶಾಖಾಘಾತ. ಕೂಡಲೇ ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ನೆರಳಿಗೆ ಸಾಗಿಸಿ, ಮೈ ಮೇಲೆ ನೀರು ಹಾಕಿ, ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ ವಾಡಿಕೆಗಿಂತ 1,344 ಹೆಚ್ಚು ಸಾವು ಆದವು. ಅದರ ನಂತರ 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಬಿಸಿಲು ಕ್ರಿಯಾಯೋಜನೆ ತಂದಿತು. ಮುಂಚಿತ ಎಚ್ಚರಿಕೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರು, ಬಿಳಿ ಚಾವಣಿ, ಇವೇ ಅದರ ಕಂಬಗಳು. ನಿಮ್ಮ ಊರಿಗೆ ಇಂಥ ಯೋಜನೆ ಇದೆಯೇ ಕೇಳಿ. ಎಷ್ಟು ಡಿಗ್ರಿಗೆ ಎಚ್ಚರಿಕೆ ಹೊರಡುತ್ತದೆ, ಅದು ಯಾರಿಗೆ ತಲುಪುತ್ತದೆ ಎಂಬುದನ್ನೂ ಕೇಳಿ.

ಚಾವಣಿಗೆ ಬಿಳಿ ಬಣ್ಣ ಹಚ್ಚುವುದು ಒಂದು ದಿನದ ಕೆಲಸ. ಮಧ್ಯಾಹ್ನ ಕಪ್ಪು ತಾರಸಿಯ ಮೇಲೆ ಒಂದು ಬಿಳಿ ಹಲಗೆ ಇಟ್ಟು, ಗಂಟೆ ಬಿಟ್ಟು ಎರಡರ ಹತ್ತಿರವೂ ಅಂಗೈ ಹಿಡಿದು ನೋಡಿ. ಬೇರೆ ಪುರಾವೆ ಬೇಕಾಗುವುದಿಲ್ಲ. ಬಣ್ಣ ಹಚ್ಚುವ ಮುಂಚೆ ಪಾಚಿ, ಧೂಳು ಉಜ್ಜಿ ತೊಳೆಯಿರಿ, ಬಿರುಕು ಮುಚ್ಚಿ, ಪೂರ್ತಿ ಒಣಗಿಸಿ. ಎರಡು ಕೋಟ್ ಅಡ್ಡ ಉದ್ದ ಹಚ್ಚಿ. ಧೂಳು ಕೂತರೆ ಗುಣ ಕಡಿಮೆಯಾಗುತ್ತದೆ, ವರ್ಷಕ್ಕೊಮ್ಮೆ ತೊಳೆಯಬೇಕು. ಮೇಲಿನ ಮಹಡಿಯವರಿಗೆ, ತಗಡಿನ ಚಾವಣಿಯವರಿಗೆ ಮೊದಲು ಮಾಡಿ.

ಇನ್ನು ಮರ. ಕೊಲಂಬಿಯಾದ ಮೆಡೆಲಿನ್ 2016ರಿಂದ ರಸ್ತೆ, ಹಳ್ಳಗಳ ಉದ್ದಕ್ಕೂ 30 ಹಸಿರು ಪಟ್ಟಿಗಳನ್ನು ಬೆಳೆಸಿತು. ಅಲ್ಲಿನ ಆಡಳಿತದ ಪ್ರಕಾರ ಆ ಜಾಗಗಳಲ್ಲಿ ಬಿಸಿ ಸುಮಾರು 2 ಡಿಗ್ರಿ ಇಳಿದಿದೆ. ಆದರೆ ಹೊಸ ಸಸಿಗಿಂತ ಮುಂಚೆ ಇರುವ ಮರ ನೋಡಿ. ಬುಡದವರೆಗೂ ಕಾಂಕ್ರೀಟ್ ಹಾಕಿದ್ದರೆ, ಸುತ್ತ ಒಂದು ಮೀಟರ್ ಒಡೆಸಲು ಅರ್ಜಿ ಕೊಡಿ. ಮೊಳೆ, ತಂತಿ ತೆಗೆಯಿರಿ. ಒಂದು ದೊಡ್ಡ ಮರ ಕೊಡುವ ನೆರಳನ್ನು ಸಸಿ ಕೊಡಲು ಹತ್ತಾರು ವರ್ಷ ಬೇಕು. ಹೊಸದಾಗಿ ನೆಡುವುದಾದರೆ ನಕ್ಷೆಯಲ್ಲಿ ನೆರಳು ತುಂಡಾದ ಜಾಗದಲ್ಲೇ ನೆಡಿ, ಮೊದಲ ಮೂರು ಬೇಸಿಗೆ ನೀರು ಹಾಕುವವರ ಹೆಸರು ಬರೆದ ಮೇಲೆಯೇ ಗುಂಡಿ ತೋಡಿ.

ಹೆಜ್ಜೆ 6: ಮಳೆನೀರು

ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಹೆಚ್ಚು ಆವಿ ಹಿಡಿಯಬಲ್ಲದು. ಆದ್ದರಿಂದ ಸುರಿದರೆ ಒಮ್ಮೆಲೇ ಸುರಿಯುತ್ತದೆ. 2011ರ ಜುಲೈ 2ರಂದು ಕೋಪನ್‌ಹೇಗನ್ ಮೇಲೆ ಎರಡು ಮೂರು ಗಂಟೆಯಲ್ಲಿ 100 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ಊರು ಮುಳುಗಿತು. ಮರುವರ್ಷವೇ ಯೋಜನೆ ಮಾಡಿ, ಪಾರ್ಕುಗಳನ್ನು ಮಳೆ ಬಂದಾಗ ಕೆರೆಯಾಗುವ ಹಾಗೆ ತಗ್ಗಿಸಲು ಶುರುಮಾಡಿದರು. ಅಲ್ಲಿನ ಎಂಗೇವ್ ಪಾರ್ಕ್ ಒಂದೇ 2 ಕೋಟಿ ಲೀಟರ್‌ಗೂ ಹೆಚ್ಚು ನೀರು ಹಿಡಿಯುತ್ತದೆ. ಬಿಸಿಲಿದ್ದಾಗ ಅಲ್ಲೇ ಮಕ್ಕಳು ಆಡುತ್ತಾರೆ.

ಮನೆ ಲೆಕ್ಕ ಸುಲಭ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಇಪ್ಪತ್ತು ಮನೆಯ ತಾರಸಿ ನೀರು ಒಟ್ಟಿಗೆ ಒಂದೇ ಚರಂಡಿಗೆ ನುಗ್ಗಿದರೆ 20,000 ಲೀಟರ್. ತಗ್ಗಿನ ಮನೆಗೆ ಬರುವ ನೀರು ಇದೇ. ತೊಟ್ಟಿಗೆ ತುಂಬಿಸಿ, ಇಲ್ಲವೇ ಇಂಗಿಸಿ. ಇಂಗುಗುಂಡಿ ತೋಡುವ ಮುಂಚೆ ಮಣ್ಣು ಪರೀಕ್ಷಿಸಿ: ಒಂದಡಿ ಆಳದ ಗುಂಡಿ ಮಾಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಒಂದು ದಿನದಲ್ಲಿ ಇಂಗದಿದ್ದರೆ ಆ ಜಾಗ ಬೇಡ, ಸೊಳ್ಳೆ ಆಗುತ್ತದೆ. ಗೋಡೆಯ ಪಾಯದಿಂದ ಮೂರು ಮೀಟರ್ ದೂರ ಇರಲಿ.

ಮಳೆಗಾಲಕ್ಕೆ ಒಂದು ತಿಂಗಳ ಮುಂಚೆ ಚರಂಡಿ ಬಾಯಿಗಳ ಫೋಟೋ ತೆಗೆದು, ನಕ್ಷೆಯ ಜೊತೆ ಕಚೇರಿಗೆ ಕೊಡಿ. ಜಾಲರಿಯ ಮೇಲಿನ ಎಲೆ, ಪ್ಲಾಸ್ಟಿಕ್ ನೀವೇ ತೆಗೆಯಬಹುದು. ಮ್ಯಾನ್‌ಹೋಲ್ ಮುಚ್ಚಳ ಮಾತ್ರ ಯಾರೂ ತೆರೆಯಬಾರದು, ಯಾರನ್ನೂ ಒಳಗೆ ಇಳಿಸಬಾರದು. ಒಳಗಿನ ವಿಷಗಾಳಿಗೆ ಕ್ಷಣದಲ್ಲಿ ಜೀವ ಹೋಗುತ್ತದೆ.

ಹೆಜ್ಜೆ 7: ಹಸಿ ಕಸ

ಹಸಿ ಕಸ ಗಾಳಿಯಿಲ್ಲದೆ ಗುಡ್ಡೆಯಡಿ ಕೊಳೆತಾಗ ಮೀಥೇನ್ ಹುಟ್ಟುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಮಾಡುತ್ತದೆ. ಗಾಳಿ ಆಡುವಂತೆ ಕೊಳೆಸಿದರೆ ಅದೇ ಕಸ ಗೊಬ್ಬರ. ದಕ್ಷಿಣ ಕೊರಿಯಾ 2005ರಲ್ಲಿ ಆಹಾರದ ಕಸವನ್ನು ನೇರವಾಗಿ ಹೂಳುವುದನ್ನೇ ನಿಷೇಧಿಸಿತು. 2013ರಿಂದ ಎಷ್ಟು ಎಸೆಯುತ್ತೀರೋ ಅಷ್ಟಕ್ಕೆ ಶುಲ್ಕ.

ಬೀದಿಗೊಂದು ಗೊಬ್ಬರದ ಪೆಟ್ಟಿಗೆ ಮಾಡುವುದಾದರೆ ಗುಟ್ಟು ಒಣ ಎಲೆಯಲ್ಲಿದೆ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ. ವಾರಕ್ಕೆ ಎರಡು ಸಲ ಮಗುಚಿ. ಒಂದು ಹಿಡಿ ಎತ್ತಿ ಹಿಂಡಿ ನೋಡಿ. ಹಿಂಡಿದ ಬಟ್ಟೆಯ ಹಾಗೆ ಒದ್ದೆ ಇರಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಜಾಸ್ತಿಯಾಯಿತು. ಕೊಳೆತ ವಾಸನೆ ಬಂದರೆ ಒಣ ಎಲೆ ಸೇರಿಸಿ ಮಗುಚಿ, ಏನೂ ಕೊಳೆಯದೆ ಸುಮ್ನೆ ಒಣಗಿ ಕೂತಿದ್ದರೆ ನೀರು ಚಿಮುಕಿಸಿ. ಮಧ್ಯದಲ್ಲಿ ಕೈ ಇಟ್ಟರೆ ಬಿಸಿ ತಟ್ಟಬೇಕು. ಎಲೆ ಉದುರುವ ಕಾಲದಲ್ಲೇ ಚೀಲ ತುಂಬಿಟ್ಟುಕೊಳ್ಳಿ. ರಸ್ತೆಯ ಎಲೆ ಸುಡುವುದೂ ಆಗ ನಿಲ್ಲುತ್ತದೆ.

ಹೆಜ್ಜೆ 8: ಕಟ್ಟಡ, ಎಸಿ, ಸೌರ ಫಲಕ

ಮೊದಲು ನೆರಳು, ಗಾಳಿ, ಬಿರುಕು ಮುಚ್ಚುವುದು. ಆಮೇಲೆ ಯಂತ್ರ. ಎಸಿ ಇದ್ದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ: ಅದರೊಳಗಿನ ಗ್ಯಾಸ್. ಆರ್-410ಎ ಎಂಬುದು ಸೋರಿದರೆ, 100 ವರ್ಷದ ಲೆಕ್ಕದಲ್ಲಿ, 1 ಕೆ.ಜಿ.ಗೆ ಸುಮಾರು 2,000 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ಆರ್-32 ಆದರೆ ಸುಮಾರು 675. ಆರ್-290 ಆದರೆ ತೀರಾ ಕಡಿಮೆ. ಇಂಥ ಗ್ಯಾಸುಗಳನ್ನು ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು. ಎಸಿಯನ್ನು ಬೇರೆ ಕಡೆ ಹಾಕಿಸುವಾಗ, ಗುಜರಿಗೆ ಕೊಡುವಾಗ ಗ್ಯಾಸನ್ನು ಗಾಳಿಗೆ ಬಿಡಬೇಡಿ, ಸಿಲಿಂಡರಿಗೆ ತುಂಬಿಕೊಳ್ಳಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಅದು ಸೋರುತ್ತಿದೆ. ಸೋರಿಕೆ ಹುಡುಕಿಸಿ, ಸುಮ್ನೆ ತುಂಬಿಸಬೇಡಿ.

ಸೌರ ಫಲಕಕ್ಕೆ 1 ಕಿಲೋವ್ಯಾಟ್‌ಗೆ ಸುಮಾರು 6ರಿಂದ 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಸ್ವಂತ ತಾರಸಿ ಇಲ್ಲದವರು ಶಾಲೆ, ಸಮುದಾಯ ಭವನದ ಚಾವಣಿ ಕೇಳಬಹುದು. ಸ್ಪೇನಿನ ಬಾರ್ಸಿಲೋನಾದಲ್ಲಿ ಹೊಸ ಕಟ್ಟಡಗಳು ಬಿಸಿನೀರಿನ ದೊಡ್ಡ ಪಾಲಿಗೆ ಬಿಸಿಲನ್ನೇ ಬಳಸಬೇಕೆಂಬ ನಿಯಮ 2000ದಲ್ಲಿ ಜಾರಿಗೆ ಬಂತು. ಒಂದೊಂದೇ ಮನೆಯವರ ಮನವೊಲಿಸುವುದಕ್ಕಿಂತ ಇಂಥ ಒಂದು ನಿಯಮ ಜಾಸ್ತಿ ಕೆಲಸ ಮಾಡುತ್ತದೆ.

ಹೆಜ್ಜೆ 9: ಬಜೆಟ್‌ಗೆ ಮುಂಚೆ ಹೋಗಿ

ಬಜೆಟ್ ಮಂಡನೆಯ ದಿನ ಹೋದರೆ ಆಗಲೇ ತಡ. ಇಲಾಖೆಗಳು ಬೇಡಿಕೆ ಪಟ್ಟಿ ಮಾಡುವುದು ಅದಕ್ಕೆ ತಿಂಗಳುಗಳ ಮುಂಚೆ. ಆ ದಿನಾಂಕ ವಿಚಾರಿಸಿಕೊಳ್ಳಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ 1989ರಿಂದ ಬಜೆಟ್ಟಿನ ಒಂದು ಭಾಗವನ್ನು ಊರಿನವರೇ ಕೂತು ತೀರ್ಮಾನಿಸುವ ಪದ್ಧತಿ ತಂದಿತು. ನಿಮ್ಮಲ್ಲಿ ಹಾಗೆ ಇಲ್ಲದಿದ್ದರೂ ಪ್ರತಿನಿಧಿಯನ್ನು ಕಾಣಬಹುದು.

ಒಂದೇ ಪುಟ ತೆಗೆದುಕೊಂಡು ಹೋಗಿ. ಅದರಲ್ಲಿ ಇವಿಷ್ಟು ಇರಲಿ:

- ಜಾಗ ಯಾವುದು, ನೀವು ಅಳೆದದ್ದು ಎಷ್ಟು (ಬಸ್ಸಿನ ಸಮಯ, ನಿಂತ ನೀರಿನ ಎತ್ತರ, ಕಸದ ತೂಕ)
- ಏನು ಬೇಕು, ಎಷ್ಟು ದಿನದ ಪ್ರಯೋಗ
- ಬೀದಿಯವರು ಏನು ಮಾಡುತ್ತಾರೆ, ಆಡಳಿತ ಏನು ಮಾಡಬೇಕು
- ಮುಂದಿನ ಮೂರು ವರ್ಷದ ನಿರ್ವಹಣೆಗೆ ಹಣ ಎಲ್ಲಿಂದ

ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ನೀರಿಲ್ಲದೆ ಒಣಗಿದ ಸಸಿ, ಕೆಟ್ಟು ನಿಂತ ಸೌರದೀಪ ನೋಡಿದ್ದೀರಿ ಅಲ್ವಾ? ಅವಕ್ಕೆ ಮೊದಲ ವರ್ಷ ಹಣ ಇತ್ತು, ಎರಡನೇ ವರ್ಷ ಇರಲಿಲ್ಲ.

ಅರ್ಜಿಗೆ ಸ್ವೀಕೃತಿ ಪಡೆಯಿರಿ. ಮೂವತ್ತು ದಿನ ಬಿಟ್ಟು ಮತ್ತೆ ಹೋಗಿ. ಕೆಲಸ ಆದರೆ ಅದನ್ನು ಮಾಡಿದ ಎಂಜಿನಿಯರ್‌ಗೆ, ಪೌರಕಾರ್ಮಿಕರಿಗೆ ಒಂದು ಕೃತಜ್ಞತೆಯ ಪತ್ರ ಬರೆಯಿರಿ. ಅವರಿಗೆ ಬರುವ ಪತ್ರಗಳೆಲ್ಲ ದೂರಿನವು. ಮುಂದಿನ ಸಲ ನೀವು ಹೋದಾಗ ಕುರ್ಚಿ ಕೊಟ್ಟು ಕೂರಿಸುತ್ತಾರೆ.

ಹೆಜ್ಜೆ 10: ಮುಂದಿನ ವರ್ಷ, ಅದೇ ತಿಂಗಳು

ಮತ್ತೆ ಅಳೆಯಿರಿ, ಆದರೆ ಅದೇ ತಿಂಗಳಲ್ಲಿ. ಬೇಸಿಗೆಯ ಕರೆಂಟ್ ಬಿಲ್ಲನ್ನು ಚಳಿಗಾಲದ ಬಿಲ್ಲಿನ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ನಕ್ಷೆ ಹಿಡಿದು ಅದೇ ಮೂರು ಗಂಟೆಗೆ ಬೀದಿ ಸುತ್ತಿ, ಮಳೆ ನಿಂತ ಮೇಲೂ ಸುತ್ತಿ. ನೀರು ಹೋದ ವರ್ಷ ಮುಟ್ಟಿದ ಗೋಡೆಯ ಗುರುತಿನ ಪಕ್ಕ ಈ ವರ್ಷದ ಗುರುತು ಹಾಕಿ, ದಿನಾಂಕ ಬರೆಯಿರಿ. ಇಳಿಯದ ಸಂಖ್ಯೆ ಯಾವುದೋ, ಈ ವರ್ಷದ ಅರ್ಜಿಯ ಮೊದಲ ಸಾಲು ಅದೇ.